ಅರ್ಧಕ್ಕೆ ನಿಂತ ಬಿ.ಕಾಂ. ಮುಗಿಸಬೇಕು: ಯಾವ ವಿಶ್ವವಿದ್ಯಾಲಯ, ಎಷ್ಟು ಖರ್ಚು?

ಪ್ರಶ್ನೆ: ಸರ್, ನನಗೆ 27 ವರ್ಷ. ತವರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. 2016ರಲ್ಲಿ ಪಿಯುಸಿ ಮುಗಿಸಿ ಅಲ್ಲೇ ಬಿ.ಕಾಂ. ಸೇರಿದ್ದೆ. ನಾಲ್ಕು ಸೆಮಿಸ್ಟರ್ ಬರೆದೆ. ನಾಲ್ಕನೆಯದರಲ್ಲಿ 2 ಪೇಪರ್ ಉಳಿದವು. ಅದೇ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು, ಓದು ನಿಂತುಹೋಯಿತು. ಈಗ ಮದುವೆಯಾಗಿ ಕಲಬುರಗಿಯಲ್ಲಿದ್ದೇನೆ. ಒಂದು ದಾಲ್ ಮಿಲ್ಲಿನಲ್ಲಿ ಬಿಲ್ಲು, ಟ್ಯಾಲಿ, ಜಿಎಸ್‌ಟಿ ನೋಡಿಕೊಳ್ಳುತ್ತೇನೆ. ಸಂಬಳ 13 ಸಾವಿರ. ಮಗನಿಗೆ 3 ವರ್ಷ. ಡಿಗ್ರಿ ಇದ್ದರೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಬ್ಯಾಂಕ್ ಪರೀಕ್ಷೆ ಬರೆಯಬಹುದು ಅನ್ನೋ ಆಸೆ. ಒಬ್ಬ ಏಜೆಂಟ್ 'ಹೊರ ರಾಜ್ಯದ ಯೂನಿವರ್ಸಿಟಿ, 45 ಸಾವಿರ ಕೊಡಿ, ಒಂದೇ ವರ್ಷದಲ್ಲಿ ಡಿಗ್ರಿ ಕೈಗೆ' ಎನ್ನುತ್ತಿದ್ದಾನೆ. ಫೋನಿನಲ್ಲಿ ದಿನಾ ಆನ್‌ಲೈನ್ ಡಿಗ್ರಿ ಜಾಹೀರಾತು ಬರುತ್ತದೆ. ಅವರು ತಿಂಗಳಿಗೆ 4 ಸಾವಿರದ ಕಂತು, ಹಳೇ ಕ್ರೆಡಿಟ್ ಎಲ್ಲಾ ವರ್ಗ ಆಗುತ್ತದೆ ಅಂತಾರೆ. ನಮ್ಮ ಮನೆಯವರು ಮುಕ್ತ ವಿಶ್ವವಿದ್ಯಾಲಯದ ಡಿಗ್ರಿಗೆ ಬೆಲೆ ಇಲ್ಲ ಅಂತಾರೆ. ಮೈಸೂರಿನ ಡಿಗ್ರಿ ತಗೊಂಡರೆ ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಹೋಗುತ್ತದೆ ಅಂತ ಇನ್ನೊಬ್ಬರು ಹೆದರಿಸಿದ್ದಾರೆ. ಕಡಿಮೆ ಖರ್ಚಿನಲ್ಲಿ ಯಾವುದು ಸೇರಲಿ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಕಾಮರ್ಸ್ ಮೇಷ್ಟ್ರು. ಕಲಬುರಗಿಯಲ್ಲಿ ಪಾಠ ಮಾಡುತ್ತಲೇ ವರ್ಷಗಟ್ಟಲೆ ದೂರಶಿಕ್ಷಣದ ಅಭ್ಯಾಸ ಕೇಂದ್ರದಲ್ಲೂ ಕೂತಿದ್ದೇನೆ. ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದು ಬರುವವರಲ್ಲಿ ನಿಮ್ಮಂಥವರೇ ಜಾಸ್ತಿ. ಅವರೆಲ್ಲರ ಮೊದಲ ಪ್ರಶ್ನೆ 'ಯಾವ ಯೂನಿವರ್ಸಿಟಿ ಅಗ್ಗ' ಅಂತಲೇ ಇರುತ್ತದೆ. ನಾನು ಮೊದಲು ಕೇಳುವುದು ಬೇರೆ: ಕವರಿನೊಳಗೆ ಏನೇನಿದೆ?

ಯಾಕೆ ಅಂದರೆ, ನಿಮ್ಮ ವಿಷಯದಲ್ಲಿ ದುಬಾರಿ ಆಗುವುದು ಫೀ ಅಲ್ಲ, ವರ್ಷ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ವಯೋಮಿತಿ 28. ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ 31, ಎಸ್‌ಸಿ/ಎಸ್‌ಟಿ ಆದರೆ 33. ನಿಮ್ಮ ವರ್ಗ ಯಾವುದೆಂದು ಬರೆದಿಲ್ಲ. ಇವತ್ತು ಮೊದಲಿನಿಂದ ಬಿ.ಕಾಂ. ಶುರು ಮಾಡಿದರೆ ಮುಗಿಯುವಾಗ 30 ದಾಟಿರುತ್ತದೆ. ಸಾಮಾನ್ಯ ವರ್ಗವಾದರೆ ಕ್ಲರ್ಕ್ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಎಫ್‌ಡಿಎ ಹಾಗಲ್ಲ. ರಾಜ್ಯ ಸರ್ಕಾರದ ಕೆಲಸಕ್ಕೆ ಮೂಲ ನಿಯಮದಂತೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಎಸ್‌ಸಿ/ಎಸ್‌ಟಿಗೆ 40 ವರ್ಷದವರೆಗೆ ಅವಕಾಶ ಇದೆ. ಈ ಲೆಕ್ಕವನ್ನು ಗಂಡನ ಜೊತೆ ಕೂತು ಒಂದು ಹಾಳೆಯ ಮೇಲೆ ಬರೆದು ನೋಡಿ. ಆಮೇಲೆ ಫೀ ವಿಚಾರಕ್ಕೆ ಬನ್ನಿ.

ಇನ್ನೊಂದು ಮಾತು, ಬಹಳ ಜನಕ್ಕೆ ಹೊಳೆಯುವುದಿಲ್ಲ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ ಪಿಯುಸಿ ಸಾಕು. ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೂ ಪಿಯುಸಿಯೇ ಅರ್ಹತೆ. ಡಿಗ್ರಿ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಇವುಗಳ ಓದನ್ನು ಈಗಲೇ ಶುರು ಮಾಡಿ. ಅದೇ ಓದು ನಾಳೆ ಎಫ್‌ಡಿಎಗೂ ಬರುತ್ತದೆ.

ಈಗ ಏಜೆಂಟನ ಮಾತು. ಇದನ್ನು ಮೊದಲು ಮುಗಿಸಿಬಿಡೋಣ. ಆ 45 ಸಾವಿರ ಕೊಡಬೇಡಿ. ಮೂರು ವರ್ಷದ ಡಿಗ್ರಿಯನ್ನು ಒಂದು ವರ್ಷದಲ್ಲಿ ಕೊಡುವ ಕಾನೂನುಬದ್ಧ ದಾರಿ ಈ ದೇಶದಲ್ಲಿ ಇಲ್ಲ. ಅವನು ಮಾಡುವುದು ಎರಡರಲ್ಲಿ ಒಂದು. ಹಿಂದಿನ ತಾರೀಖು ಹಾಕಿ ಪ್ರವೇಶ ತೋರಿಸುತ್ತಾನೆ, ಇಲ್ಲವೇ ಮಾರ್ಕ್ಸ್ ಕಾರ್ಡನ್ನೇ ಅಚ್ಚು ಹಾಕಿಸುತ್ತಾನೆ.

ಕೆಲವು ವರ್ಷದ ಹಿಂದೆ ಬೀದರ್ ಜಿಲ್ಲೆ ಔರಾದ್ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಮೇಜಿನ ಮೇಲೆ ಆರು ಮಾರ್ಕ್ಸ್ ಕಾರ್ಡ್ ಸಾಲಾಗಿ ಹರಡಿದ. ಮೊದಲನೆಯದಕ್ಕೂ ಕೊನೆಯದಕ್ಕೂ ಮೂರು ವರ್ಷದ ಅಂತರ ಇರಬೇಕು ಅಲ್ವಾ? ಆರೂ ಒಂದೇ ಹೊಸ ಕಾಗದ, ಒಂದೇ ಇಂಕು. ಆರರ ಮೇಲೂ ಸಹಿಯ ಬಾಲ ಒಂದೇ ಜಾಗದಲ್ಲಿ ತಿರುಗಿತ್ತು. ಮೊದಲ ಸೆಮಿಸ್ಟರ್ ಪರೀಕ್ಷೆ ಬರೆದ ಎಂದು ಕಾರ್ಡು ಹೇಳುವ ತಿಂಗಳಲ್ಲಿ ಅವನು ಪುಣೆಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ, ಪಿಎಫ್ ಕೂಡ ಕಟ್ ಆಗಿತ್ತು. ಕೆಲಸಕ್ಕೆ ಆಯ್ಕೆಯಾಗಿ ದಾಖಲೆ ಪರಿಶೀಲನೆಗೆ ಹೋದಾಗ ಅವರು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಈ ರಿಜಿಸ್ಟರ್ ನಂಬರ್ ನಮ್ಮದಲ್ಲ ಎಂದು ಉತ್ತರ ಬಂತು. ಕೆಲಸ ಹೋಯಿತು, ಮೇಲೆ ಪೊಲೀಸ್ ಕೇಸು. ಹಣ ತಗೊಂಡವನ ಫೋನ್ ಸ್ವಿಚ್ಡ್ ಆಫ್. ಆ ಹುಡುಗನಿಗೆ ಓದುವ ಶಕ್ತಿ ಇತ್ತು. ನಿಜವಾದ ಡಿಗ್ರಿಯನ್ನೇ ಆರಾಮಾಗಿ ಮಾಡುತ್ತಿದ್ದ. ಇವತ್ತಿಗೂ ನೆನಪಾದರೆ ಸಂಕಟ ಆಗುತ್ತದೆ.

ಹೊರ ರಾಜ್ಯದ ಮಾತಿಗೂ ಒಂದು ನಿಯಮ ಇದೆ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ ತನ್ನ ರಾಜ್ಯದ ಒಳಗೆ ಮಾತ್ರ ದೂರಶಿಕ್ಷಣ ನಡೆಸಬಹುದು. ಇಲ್ಲಿ ಬಂದು ಸ್ಟಡಿ ಸೆಂಟರ್ ತೆರೆಯುವಂತಿಲ್ಲ. ಖಾಸಗಿಯವರಿಗೆ ಸೆಂಟರನ್ನು ಗುತ್ತಿಗೆ ಕೊಡುವಂತೆಯೂ ಇಲ್ಲ. ಗಡಿ ಊರುಗಳ ಓದುಗರು, ಅಂದರೆ ಗುರುಮಠಕಲ್, ಹುಮನಾಬಾದ್, ಔರಾದ್ ಕಡೆಯವರು ಇದನ್ನು ನೆನಪಿಡಿ. ತೆಲಂಗಾಣದ್ದೋ ಮಹಾರಾಷ್ಟ್ರದ್ದೋ ಮುಕ್ತ ವಿಶ್ವವಿದ್ಯಾಲಯದ ಹೆಸರು ಹೇಳಿ ನಿಮ್ಮೂರಲ್ಲೇ ಬಾಡಿಗೆ ಕೋಣೆಯಲ್ಲಿ ಅಡ್ಮಿಷನ್ ಮಾಡಿಸುವವರು ಸಿಗುತ್ತಾರೆ. ಆ ವಿಶ್ವವಿದ್ಯಾಲಯಗಳು ನಿಜವಾದವೇ. ಕೋಣೆಯಲ್ಲಿ ಕೂತವನು ಮಾತ್ರ ಅವರ ಮನುಷ್ಯ ಅಲ್ಲ.

ಆನ್‌ಲೈನ್ ಪದವಿಗೆ ಈ ಗಡಿ ಇಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳ ಅನುದಾನ ಆಯೋಗದ ಅನುಮತಿ ಪಡೆದ ವಿಶ್ವವಿದ್ಯಾಲಯ ಜೈಪುರದಲ್ಲಿದ್ದರೂ ನೀವು ಕಲಬುರಗಿಯಿಂದ ಸೇರಬಹುದು. ಹಾಗಾಗಿ ಫೋನಿನ ಜಾಹೀರಾತುಗಳು ಎಲ್ಲಾ ಸುಳ್ಳು ಅಂತ ನಾನು ಹೇಳುವುದಿಲ್ಲ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ನಿಮಗೆ ಹೇಳಿದ ಎರಡು ಮಾತನ್ನು ಬಿಡಿಸಿ ನೋಡಬೇಕು.

ಮೊದಲನೆಯದು 'ಹಳೇ ಕ್ರೆಡಿಟ್ ಎಲ್ಲಾ ವರ್ಗ ಆಗುತ್ತದೆ'. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಒಂದು ವ್ಯವಸ್ಥೆ 2021ರಲ್ಲಿ ಬಂತು, ಎಬಿಸಿ ಅನ್ನುತ್ತಾರೆ. ಬ್ಯಾಂಕಿನಲ್ಲಿ ದುಡ್ಡು ಇಟ್ಟ ಹಾಗೆ, ಪಾಸಾದ ಪೇಪರಿನ ಕ್ರೆಡಿಟ್ ಅಲ್ಲಿ ಜಮಾ ಆಗುತ್ತದೆ, ಗರಿಷ್ಠ 7 ವರ್ಷ ಇರುತ್ತದೆ. ಆದರೆ ಅದಕ್ಕೆ ಹೋಗುವುದು 2021-22ನೇ ಸಾಲಿನಿಂದ ಈಚೆಗೆ ಓದಿದ ಪೇಪರುಗಳು ಮಾತ್ರ. ನೀವು ಓದಿದ್ದು 2016ರಿಂದ 2018. ನಿಮ್ಮ ನಾಲ್ಕು ಸೆಮಿಸ್ಟರ್ ಆ ದಾರಿಯಲ್ಲಿ ಬರುವುದಿಲ್ಲ. ಫೋನಿನಲ್ಲಿ ಮಾತಾಡುವ ಹುಡುಗಿ ಬೇಕೆಂದೇ ಸುಳ್ಳು ಹೇಳುತ್ತಿದ್ದಾಳೆ ಅಂತಲ್ಲ. ಅವಳ ಮುಂದಿರುವ ಹಾಳೆಯಲ್ಲಿ ಹಾಗೆ ಬರೆದಿರುತ್ತದೆ. ನಿಮ್ಮ ಇಸವಿ ಅವಳು ಕೇಳಿರುವುದೇ ಇಲ್ಲ.

ಎರಡನೆಯದು ತಿಂಗಳ ಕಂತು. ಖಾಸಗಿ ಆನ್‌ಲೈನ್ ಪದವಿಗಳ ಒಟ್ಟು ಫೀ ಸಾಮಾನ್ಯವಾಗಿ ಲಕ್ಷದ ಲೆಕ್ಕದಲ್ಲಿರುತ್ತದೆ. ಅದನ್ನು 36ರಿಂದ ಭಾಗಿಸಿ ಹೇಳಿದಾಗ ಸಣ್ಣದಾಗಿ ಕೇಳುತ್ತದೆ. 4 ಸಾವಿರವನ್ನು 36ರಿಂದ ಗುಣಿಸಿ: 1 ಲಕ್ಷ 44 ಸಾವಿರ. ಅದಕ್ಕಿಂತ ಮುಖ್ಯ, ಆ ಕಂತು ಅನೇಕ ಸಲ ಕಾಲೇಜಿನ ಕಂತಾಗಿರುವುದೇ ಇಲ್ಲ. ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಪೂರ್ತಿ ಸಾಲ ಮಂಜೂರು ಮಾಡಿ ವಿಶ್ವವಿದ್ಯಾಲಯಕ್ಕೆ ಕೊಟ್ಟಿರುತ್ತದೆ. ಮಗನಿಗೆ ಹುಷಾರಿಲ್ಲ ಅಂತ ನೀವು ಎರಡನೇ ಸೆಮಿಸ್ಟರಿಗೇ ಓದು ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವವರು ನೋಡುವ ಅಂಕ, ಬೀಳುತ್ತದೆ. ನಾಳೆ ಮನೆಗೋ ಟ್ರ್ಯಾಕ್ಟರಿಗೋ ಸಾಲ ಕೇಳಲು ಹೋದರೆ ಅದು ಅಡ್ಡ ಬರುತ್ತದೆ. ದಿನಾ ಲೆಕ್ಕ ಬರೆಯುವವರು ನೀವು, ಇದನ್ನು ನಿಮಗೆ ಜಾಸ್ತಿ ವಿವರಿಸಬೇಕಾಗಿಲ್ಲ. 13 ಸಾವಿರ ಸಂಬಳದಲ್ಲಿ 4 ಸಾವಿರ ತೆಗೆದರೆ ಉಳಿಯುವುದೆಷ್ಟು ಎಂದು ನಿಮಗೇ ಗೊತ್ತು.

ಮನೆಯವರ ಅನುಮಾನಕ್ಕೆ ಬರುತ್ತೇನೆ. ಅವರು ಸುಮ್ನೆ ಹೇಳುತ್ತಿಲ್ಲ, ಅದಕ್ಕೊಂದು ಕಾರಣ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಶುರುವಾಯಿತು. ರಾಜ್ಯದ ಹೊರಗೆಲ್ಲ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸ್ ನಡೆಸಿದ್ದಕ್ಕೆ ಯುಜಿಸಿ 2015ರಲ್ಲಿ ಪ್ರಕಟಣೆ ಹೊರಡಿಸಿತು. 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲ ಎಂದಿತು. ಆ ಹೊತ್ತಿನಲ್ಲಿ ಓದುತ್ತಿದ್ದ ಮಕ್ಕಳು ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೇನೆ. ಫೀ ಕಟ್ಟಿದ್ದರು, ಪರೀಕ್ಷೆ ಬರೆದಿದ್ದರು, ಡಿಗ್ರಿ ಹಿಡಿದು ಎಲ್ಲಿಗೆ ಹೋದರೂ ತಿರುಗಿಸಿ ಕಳಿಸುತ್ತಿದ್ದರು. ನಿಮ್ಮ ಯಜಮಾನರ ಕಿವಿಗೆ ಬಿದ್ದಿರುವುದು ಆ ಕಾಲದ ಮಾತು. 2018ರ ಆಗಸ್ಟ್‌ನಲ್ಲಿ ಯುಜಿಸಿ ಮತ್ತೆ ಮಾನ್ಯತೆ ಕೊಟ್ಟಿತು. 2018-19ರಿಂದ ಪ್ರವೇಶಗಳು ಮತ್ತೆ ನಡೆಯುತ್ತಿವೆ. ಕಲಬುರಗಿಯಲ್ಲೇ ಅದರ ಪ್ರಾದೇಶಿಕ ಕೇಂದ್ರ ಇದೆ.

ಇನ್ನು ಬೆಲೆಯ ಮಾತು. ಯುಜಿಸಿಯ 2020ರ ದೂರಶಿಕ್ಷಣ ಮತ್ತು ಆನ್‌ಲೈನ್ ನಿಯಮಾವಳಿಯಲ್ಲಿ 22ನೇ ನಿಯಮ ಅಂತ ಇದೆ. ಅನುಮತಿ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಅದೇ ಪದವಿಗೆ ಸಮ ಎಂದು ಅದು ಹೇಳುತ್ತದೆ. 2022ರಲ್ಲಿ ಯುಜಿಸಿ ಇದನ್ನೇ ಮತ್ತೊಮ್ಮೆ ಪ್ರಕಟಿಸಿತು. ಎಫ್‌ಡಿಎ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಬ್ಯಾಂಕ್ ಎಲ್ಲದಕ್ಕೂ ಬೇಕಾಗಿರುವುದು ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿ. ಖಾಸಗಿ ಕಂಪನಿಯಲ್ಲಿ ಮಾತ್ರ ಇನ್ನೂ ಕೆಲವರು ಮೂಗು ಮುರಿಯುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಟ್ಯಾಲಿ, ಜಿಎಸ್‌ಟಿ ಕೈಯಲ್ಲಿ ಆಡುವ ನಿಮ್ಮಂಥವರಿಗೆ ಅದು ದೊಡ್ಡ ತೊಡಕಾಗಿದ್ದನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. 'ಈ ಯೂನಿವರ್ಸಿಟಿಗೆ ಮಾನ್ಯತೆ ಇದೆ' ಅನ್ನೋದು ಸಾಲದು. ಯುಜಿಸಿ ಅನುಮತಿ ಕೊಡುವುದು ವಿಶ್ವವಿದ್ಯಾಲಯಕ್ಕೆ, ಕೋರ್ಸಿಗೆ, ಆ ಸಾಲಿಗೆ, ಮೂರನ್ನೂ ಸೇರಿಸಿ. ಒಂದೇ ವಿಶ್ವವಿದ್ಯಾಲಯದ ಬಿ.ಎ.ಗೆ ಅನುಮತಿ ಇದ್ದು ಇನ್ನೊಂದು ಕೋರ್ಸಿಗೆ ಇಲ್ಲದಿರಬಹುದು. ಹೋದ ವರ್ಷ ಇದ್ದದ್ದು ಈ ವರ್ಷ ಇಲ್ಲದಿರಬಹುದು. ಯುಜಿಸಿಯ ದೂರಶಿಕ್ಷಣ ಮಂಡಳಿಯ ವೆಬ್‌ಸೈಟಿನಲ್ಲಿ ಈ ಪಟ್ಟಿ ಇರುತ್ತದೆ. ನೀವು ಸೇರುವ ವರ್ಷ, ನಿಮ್ಮ ಕೋರ್ಸಿನ ಹೆಸರು ಎರಡೂ ಆ ಪಟ್ಟಿಯಲ್ಲಿ ಕಂಡ ಮೇಲೆ ಆ ಪುಟದ ಪ್ರಿಂಟ್ ತೆಗೆದು ಮಾರ್ಕ್ಸ್ ಕಾರ್ಡಿನ ಕವರಿನಲ್ಲೇ ಇಡಿ. 2015ರಲ್ಲಿ ಸಿಕ್ಕಿಹಾಕಿಕೊಂಡವರ ಕೈಯಲ್ಲಿ ಅಂಥ ಒಂದು ಕಾಗದವೂ ಇರಲಿಲ್ಲ.

371(ಜೆ) ವಿಷಯದಲ್ಲಿ ನಿಮ್ಮನ್ನು ಹೆದರಿಸಿದವರು ತಪ್ಪು ತಿಳಿದಿದ್ದಾರೆ. ಇದನ್ನು ಅಭ್ಯಾಸ ಕೇಂದ್ರದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಭಾಗದವರಿಗೆ ಎಷ್ಟೋ ವರ್ಷದ ಹೋರಾಟದಿಂದ ಬಂದ ಹಕ್ಕು ಅದು, ಹಾಗಾಗಿ ಕಳೆದುಕೊಳ್ಳುವ ಭಯವೂ ಜಾಸ್ತಿ. ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಸಿಗುವುದು ನೀವು ಎಲ್ಲಿ ಹುಟ್ಟಿದಿರಿ, ಎಷ್ಟು ವರ್ಷ ಇಲ್ಲಿ ವಾಸವಿದ್ದಿರಿ ಎಂಬುದರ ಮೇಲೆ. ಡಿಗ್ರಿಯ ಮೇಲೆ ಯಾವ ಊರಿನ ಮುದ್ರೆ ಇದೆ ಎಂಬುದರ ಮೇಲಲ್ಲ. ಶಹಾಪುರದಲ್ಲಿ ಹುಟ್ಟಿ ಬೆಳೆದವರು ಮೈಸೂರಿನ ಡಿಗ್ರಿ ಪಡೆದರೂ, ದೆಹಲಿಯದ್ದು ಪಡೆದರೂ ಸ್ಥಳೀಯರೇ. ಎಫ್‌ಡಿಎ ಗ್ರೂಪ್ ಸಿ ಹುದ್ದೆ. ಈ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿಗೆ ಶೇ 80 ಮೀಸಲು. ಅದರಲ್ಲಿ ನಿಮ್ಮ ಪಾಲು ಎಲ್ಲೂ ಹೋಗುವುದಿಲ್ಲ. ಆ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲ ಎಂದರೆ ಈಗಲೇ ಅರ್ಜಿ ಹಾಕಿ. ಕೊಡುವವರು ಉಪವಿಭಾಗಾಧಿಕಾರಿಗಳು, ಎಸಿ ಆಫೀಸು ಎನ್ನುತ್ತೇವಲ್ಲ, ಅಲ್ಲಿ.

ಸರಿ, ಈಗ ದಾರಿಗಳು. ನನ್ನ ಪ್ರಕಾರ ನೀವು ಮೊದಲು ತಟ್ಟಬೇಕಾದ ಬಾಗಿಲು ಹೊಸ ವಿಶ್ವವಿದ್ಯಾಲಯದ್ದಲ್ಲ, ಹಳೆಯದರದ್ದು. ಯಾದಗಿರಿ ಜಿಲ್ಲೆಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ಆದರೆ ನೀವು ಸೇರಿದಾಗ ಅವು ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು. ನಿಮ್ಮ ರಿಜಿಸ್ಟರ್ ನಂಬರ್, ಮಾರ್ಕ್ಸ್, ಎಲ್ಲಾ ದಾಖಲೆ ಇರುವುದು ನೀವು ಈಗಿರುವ ಊರಿನಲ್ಲೇ, ಜ್ಞಾನಗಂಗಾ ಆವರಣದಲ್ಲಿ. ಕುಲಸಚಿವರು (ಮೌಲ್ಯಮಾಪನ) ಅವರಿಗೆ ಒಂದು ಅರ್ಜಿ ಬರೆಯಿರಿ. ಅದರಲ್ಲಿ ಮೂರು ವಿಷಯ ಕೇಳಿ: ಉಳಿದ 2 ಪೇಪರ್ ಬರೆಯಲು ಈಗ ಅವಕಾಶ ಇದೆಯಾ, ಹಳೇ ಸಿಲಬಸ್ಸೋ ಹೊಸದೋ, ಐದನೇ ಸೆಮಿಸ್ಟರಿಗೆ ಮರುಪ್ರವೇಶ ಸಿಗುತ್ತದಾ. ಬಾಯಿಮಾತಿನ ಉತ್ತರ ತಗೊಂಡು ಬರಬೇಡಿ. ಅರ್ಜಿಯ ನಕಲಿನ ಮೇಲೆ ಇನ್‌ವರ್ಡ್ ನಂಬರ್ ಹಾಕಿಸಿ. ತಿಂಗಳಾದರೂ ಉತ್ತರ ಬರದಿದ್ದರೆ ಅದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಅರ್ಜಿ ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರಿಸಬೇಕು.

ಡಿಗ್ರಿ ಮುಗಿಸಲು ಪ್ರತಿ ವಿಶ್ವವಿದ್ಯಾಲಯವೂ ಒಂದು ಗರಿಷ್ಠ ಅವಧಿ ಇಟ್ಟಿರುತ್ತದೆ. ಇಷ್ಟು ವರ್ಷ ಕಳೆದಿರುವುದರಿಂದ ನಿಮ್ಮ ಅವಧಿ ಮೀರಿರುವ ಸಂಭವವೇ ಜಾಸ್ತಿ. ಆದರೂ ಕೇಳಿ ಅನ್ನುತ್ತಿದ್ದೇನೆ. ಬ್ಯಾಕ್ ಪೇಪರ್ ಉಳಿದವರಿಗೆ ವಿಶ್ವವಿದ್ಯಾಲಯಗಳು ಆಗಾಗ ವಿಶೇಷ ಅವಕಾಶ ಎಂದು ಪ್ರಕಟಣೆ ಕೊಡುತ್ತವೆ. ಆ ಸುದ್ದಿ ಪೇಪರಿನ ಮೂಲೆಯಲ್ಲಿ ಬಂದು ಹೋಗುತ್ತದೆ, ಹಳೇ ವಿದ್ಯಾರ್ಥಿಗಳಿಗೆ ಗೊತ್ತೇ ಆಗುವುದಿಲ್ಲ.

ಈ ದಾರಿ ತೆರೆದರೂ ಒಂದು ತೊಡಕಿದೆ. ಮರುಪ್ರವೇಶ ಅಂದರೆ ಒಂದು ವರ್ಷ ರೆಗ್ಯುಲರ್ ಕಾಲೇಜು, ಹಾಜರಾತಿ ಬೇಕೇ ಬೇಕು. ಮಿಲ್ಲಿನ ಕೆಲಸ ಬಿಡಬೇಕಾದೀತು. 10 ತಿಂಗಳ ಸಂಬಳ 1 ಲಕ್ಷ 30 ಸಾವಿರ. ಕಾಲೇಜಿನ ಫೀ ಸ್ವಲ್ಪವೇ ಇರಬಹುದು, ನಿಮ್ಮ ನಿಜವಾದ ಖರ್ಚು ಅದು. ಮಿಲ್ ಮಾಲೀಕರು ಒಳ್ಳೆಯವರಾಗಿದ್ದು, ಬೆಳಿಗ್ಗೆ ಕಾಲೇಜು ಮುಗಿಸಿ ಮಧ್ಯಾಹ್ನದ ಮೇಲೆ ಬಾ ಅಂದರೆ ಕಥೆಯೇ ಬೇರೆ. ಕೇಳಿ ನೋಡಿ. ತೊಗರಿ ಸೀಜನ್ ಬಿಟ್ಟು ಉಳಿದ ತಿಂಗಳಲ್ಲಿ ಒಪ್ಪಿಕೊಂಡ ಮಾಲೀಕರನ್ನು ನಾನು ಬಲ್ಲೆ.

ಇಲ್ಲೊಂದು ಎಚ್ಚರಿಕೆ. ಹಳೇ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ಬರುವವರೆಗೆ ಮೈಗ್ರೇಷನ್ ಸರ್ಟಿಫಿಕೇಟ್ ತೆಗೆಸಬೇಡಿ. ಅದು 'ನಾನು ಇಲ್ಲಿಂದ ಹೊರಟೆ' ಎಂದು ಬರೆದುಕೊಟ್ಟ ಹಾಗೆ. ಆಮೇಲೆ ವಾಪಸ್ ಬರುವುದು ಕಷ್ಟ.

ಎರಡನೇ ದಾರಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ನಿಮ್ಮ ಕೈಗೆಟುಕುವುವು ಎರಡು. ಮೈಸೂರಿನದು ಒಂದು, 1985ರಲ್ಲಿ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಇನ್ನೊಂದು. ಎರಡರಲ್ಲೂ ಫೀ ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಒಂದೊಂದು ವರ್ಷದ್ದು ಬೇರೆಬೇರೆಯಾಗಿ ಕಟ್ಟಬಹುದು, ಸಾಲ ಬೇಕಾಗಿಲ್ಲ. ನಡುವೆ ಒಂದು ವರ್ಷ ತಪ್ಪಿದರೂ ಸೇರಿದ ದಿನದಿಂದ ಆರು ವರ್ಷದೊಳಗೆ ಮುಗಿಸಬಹುದು. ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಸುತ್ತಿನಲ್ಲಿ ಪ್ರವೇಶ ನಡೆಯುತ್ತದೆ. ಮೈಸೂರಿನದಕ್ಕೆ ಪ್ರಾಸ್ಪೆಕ್ಟಸ್ ಕೊನೆಯ ಪುಟಗಳಲ್ಲಿ ಶುಲ್ಕ ರಿಯಾಯಿತಿಗಳ ಪಟ್ಟಿ ಇರುತ್ತದೆ. ಯಾರೂ ಅಲ್ಲಿವರೆಗೆ ಓದುವುದಿಲ್ಲ. ನೀವು ಓದಿ.

ಎರಡರಲ್ಲಿ ಯಾವುದು? ನಿಮ್ಮ ಓದು ಕನ್ನಡ ಮಾಧ್ಯಮದಲ್ಲಾಗಿದ್ದರೆ ನನ್ನ ಓಟು ಮೈಸೂರಿಗೆ. ಕನ್ನಡದಲ್ಲಿ ಪುಸ್ತಕ ಸಿಗುತ್ತದೆ, ಕನ್ನಡದಲ್ಲಿ ಬರೆಯಬಹುದು, ಏನಾದರೂ ತೊಂದರೆಯಾದರೆ ಹೋಗಿ ಕೇಳಲು ಊರಲ್ಲೇ ಕಚೇರಿ ಇದೆ. ಇಗ್ನೋದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ನಮ್ಮ ಭಾಗಕ್ಕೆ ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ. ಆದರೆ ಇಗ್ನೋದ ಓದಿನ ಸಾಮಗ್ರಿ ಅಷ್ಟೂ ಇ-ಜ್ಞಾನಕೋಶ ಎಂಬ ಅವರ ವೆಬ್‌ಸೈಟಿನಲ್ಲಿ ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತದೆ. ಸೇರುವ ಮೊದಲೇ ಒಂದು ಅಕೌಂಟೆನ್ಸಿ ಘಟಕ ತೆರೆದು ಓದಿ. ಹತ್ತು ಪುಟ ಓದಿ ಅರ್ಥವಾದರೆ ಇಗ್ನೋ ನಿಮಗೆ ಆಗುತ್ತದೆ. ಅದರಲ್ಲಿ ಅಸೈನ್‌ಮೆಂಟಿಗೆ ಶೇ 30, ಪರೀಕ್ಷೆಗೆ ಶೇ 70 ತೂಕ. ಅಸೈನ್‌ಮೆಂಟ್ ಕೊಡದೆ ಪರೀಕ್ಷೆ ಮಾತ್ರ ಬರೆದು ಡಿಗ್ರಿ ಬರಲಿಲ್ಲ ಎಂದು ಗೋಳಾಡುವವರು ಪ್ರತಿ ವರ್ಷ ಸಿಗುತ್ತಾರೆ.

ಬೀದರ್, ಕಲಬುರಗಿಯ ಉರ್ದು ಮಾಧ್ಯಮದ ಓದುಗರಿಗೂ ಒಂದು ಮಾತು. ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಕೇಂದ್ರ ಸರ್ಕಾರದ್ದು. ಹಾಗಾಗಿ ರಾಜ್ಯದ ಗಡಿ ಅದಕ್ಕೆ ಅಡ್ಡ ಬರುವುದಿಲ್ಲ. ಉರ್ದುವಿನಲ್ಲೇ ದೂರಶಿಕ್ಷಣ ಕೊಡುತ್ತದೆ.

ಹಳೇ ನಾಲ್ಕು ಸೆಮಿಸ್ಟರ್ ಇಟ್ಟುಕೊಂಡು ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತೀರಾ ಎಂದು ಪ್ರಾದೇಶಿಕ ಕೇಂದ್ರದಲ್ಲಿ ಲಿಖಿತವಾಗಿ ಕೇಳಿ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್, ಆಗಿನ ಸಿಲಬಸ್ ಎರಡನ್ನೂ ಲಗತ್ತಿಸಿ. ಸಿಲಬಸ್ ನಿಮ್ಮ ಶಹಾಪುರದ ಕಾಲೇಜಿನ ಕಾಮರ್ಸ್ ವಿಭಾಗದಲ್ಲಿ ಸಿಗುತ್ತದೆ. ಹೋಗಿ ಬರಲು ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ಒಂದು ರೂಪಾಯಿಯೂ ಬೇಡ. ಒಪ್ಪಿದರೆ ಒಂದು ವರ್ಷ ಉಳಿಯಿತು. ಒಪ್ಪದಿದ್ದರೆ ಮೊದಲ ವರ್ಷದಿಂದ. ಆಗಲೂ ನಿಮಗೆ ಅರ್ಧ ಪಾಠ ಗೊತ್ತಿರುವುದೇ.

ಬಿ.ಎ. ಸುಲಭ, ಅದಕ್ಕೆ ಸೇರು ಅಂತ ಯಾರಾದರೂ ಹೇಳಬಹುದು. ಎಫ್‌ಡಿಎಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ ನಿಜ. ಆದರೆ ದಿನಾ ಎಂಟು ಗಂಟೆ ನೀವು ಮಾಡುವ ಕೆಲಸವೇ ಬಿ.ಕಾಂ.ನ ಅರ್ಧ ಸಿಲಬಸ್. ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ತೆರಿಗೆ ಪೇಪರ್ ಭಯ ಯಾಕೆ? ಸರ್ಕಾರಿ ಕೆಲಸ ಸಿಗುವುದು ತಡವಾದರೂ ಬಿ.ಕಾಂ. ಇದ್ದರೆ ಅಕೌಂಟ್ಸ್ ಕೆಲಸದಲ್ಲೇ ಸಂಬಳ ಏರುತ್ತದೆ. ಬಿ.ಕಾಂ. ಬಿಡಬೇಡಿ.

ಖಾಸಗಿ ಆನ್‌ಲೈನ್ ಪದವಿ ಮೂರನೇ ದಾರಿ. ಪರೀಕ್ಷೆಯನ್ನೂ ಮನೆಯಿಂದ ಬರೆಯುವ ಅನುಕೂಲ ಕೆಲವದರಲ್ಲಿ ಇದೆ. ಅದಕ್ಕೆ ಕ್ಯಾಮೆರಾ ಇರುವ ಲ್ಯಾಪ್‌ಟಾಪ್, ಕೈಕೊಡದ ಇಂಟರ್‌ನೆಟ್, ಎರಡು-ಮೂರು ಗಂಟೆ ಯಾರೂ ಒಳಗೆ ಬರದ ಕೋಣೆ ಬೇಕು. 3 ವರ್ಷದ ಮಗ ಇರುವ ಮನೆ! ಹಣದ ಚಿಂತೆ ಇಲ್ಲದವರಿಗೆ, ಊರೂರು ತಿರುಗುವ ಕೆಲಸ ಇರುವವರಿಗೆ ಅದು ಸರಿ. ನಿಮ್ಮ ಈಗಿನ ಸ್ಥಿತಿಗೆ ನಾನು ಅದನ್ನು ಹೇಳಲಾರೆ. ಯಾವುದಕ್ಕೇ ಸೇರಿದರೂ ಮೂಲ ಮಾರ್ಕ್ಸ್ ಕಾರ್ಡ್ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಪರಿಶೀಲಿಸಿ ವಾಪಸ್ ಕೊಡಬೇಕೆಂದು ಯುಜಿಸಿ 2018ರಲ್ಲೇ ಹೇಳಿದೆ.

ಸೇರುವಾಗ ಹೆಣ್ಣುಮಕ್ಕಳು ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಇದೆ. ಈಗ ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಯುಜಿಸಿಯ ದೂರಶಿಕ್ಷಣ ಮಂಡಳಿಯ ಗುರುತಿನ ಸಂಖ್ಯೆ, ಅಂದರೆ ಡೆಬ್ ಐಡಿ ಕಡ್ಡಾಯ. ಅದಕ್ಕೆ ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ ಮಾಡಿಸಬೇಕು. ಅದು ಆಧಾರ್ ಹೆಸರಿನ ಮೇಲೆ ಆಗುತ್ತದೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿದ್ದೀರಾ? ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಹೆಸರು ಇರುತ್ತದೆ. ಎರಡೂ ಹೊಂದದೆ ಅರ್ಜಿ ನಿಂತು, ಕೊನೇ ದಿನಾಂಕ ಮುಗಿದುಹೋದವರನ್ನು ಪ್ರತಿ ಸಾಲಿನಲ್ಲೂ ನೋಡುತ್ತೇನೆ. ಈ ವಾರವೇ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡಿ. ಬೇರೆ ಇದ್ದರೆ ಆಧಾರ್ ಕೇಂದ್ರದಲ್ಲಿ ಎಸ್ಸೆಸ್ಸೆಲ್ಸಿಯಂತೆ ಸರಿಮಾಡಿಸಿ.

ಓದಲು ಸಮಯ ಎಲ್ಲಿದೆ ಎಂದು ನೀವು ಕೇಳಿಲ್ಲ, ಆದರೂ ಆ ಪ್ರಶ್ನೆ ನಿಮ್ಮೊಳಗೆ ಇದ್ದೇ ಇರುತ್ತದೆ. ಚಿತ್ತಾಪುರ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ ನಮ್ಮ ಕೇಂದ್ರದಲ್ಲಿ ಬಿ.ಎ. ಓದಿದರು. ಅವರು ತಂದುಕೊಟ್ಟ ಅಸೈನ್‌ಮೆಂಟ್ ಹಾಳೆಗಳ ಬಲ ಮೂಲೆಯಲ್ಲಿ ಬಿಳಿ ಹೆಬ್ಬೆರಳಿನ ಗುರುತು. ಒಂದರಲ್ಲಲ್ಲ, ಹಾಳೆ ತಿರುವಿದಲ್ಲೆಲ್ಲಾ. ಏನಿದು ಅಕ್ಕಾ ಅಂದೆ. ಜೋಳದ ಹಿಟ್ಟು ಸರ್, ಪುಸ್ತಕ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟು ರೊಟ್ಟಿ ಬಡಿಯುತ್ತಾ ಓದುತ್ತೇನೆ, ನಡುನಡುವೆ ಬರೆದಿಡುತ್ತೇನೆ ಅಂದರು. ಮೂರು ವರ್ಷದ ಡಿಗ್ರಿಗೆ ನಾಲ್ಕು ವರ್ಷ ಹಿಡಿಯಿತು. ಆದರೆ ಮುಗಿಸಿದರು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಸೋಮವಾರ ಅರ್ಧ ದಿನ ರಜೆ ಹಾಕಿ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡುತ್ತಿದ್ದೆ. ಅದೇ ದಿನ ಮುಕ್ತ ವಿಶ್ವವಿದ್ಯಾಲಯದ ಕೇಂದ್ರಕ್ಕೂ ಹೋಗಿ ಎರಡನೇ ವರ್ಷದ ಪ್ರವೇಶದ ಬಗ್ಗೆ ಪತ್ರ ಕೊಟ್ಟು, ಪ್ರಾಸ್ಪೆಕ್ಟಸ್ ತರುತ್ತಿದ್ದೆ. ಹಳೇ ಕಡೆಯಿಂದ ಒಳ್ಳೆಯ ಉತ್ತರ ಬಂದು, ಮಾಲೀಕರೂ ಒಪ್ಪಿದರೆ ಒಂದು ವರ್ಷ ಕಷ್ಟಪಟ್ಟು ಅಲ್ಲೇ ಮುಗಿಸುತ್ತಿದ್ದೆ. ಇಲ್ಲದಿದ್ದರೆ ಬರುವ ಪ್ರವೇಶದ ಸುತ್ತು ತಪ್ಪಿಸದೆ ಮುಕ್ತ ವಿಶ್ವವಿದ್ಯಾಲಯದ ಬಿ.ಕಾಂ. ಸೇರುತ್ತಿದ್ದೆ, ಮಿಲ್ಲಿನ ಕೆಲಸ ಬಿಡುತ್ತಿರಲಿಲ್ಲ.

ಉಳಿದ 2 ಪೇಪರ್ ಯಾವುವು ಎಂದು ನೀವು ಬರೆದಿಲ್ಲ. ನಾಲ್ಕೂ ಮಾರ್ಕ್ಸ್ ಕಾರ್ಡಿನ ಫೋಟೋ ತೆಗೆದು, ನಿಮ್ಮ ವರ್ಗ, ಓದಿದ ಮಾಧ್ಯಮ ಎರಡನ್ನೂ ಬರೆದು ಕಳಿಸಿ. ಅವುಗಳಲ್ಲಿ ಒಂದು ಕಾಸ್ಟ್ ಅಕೌಂಟಿಂಗ್ ಆಗಿದ್ದರೆ ಹೆದರಬೇಡಿ. ಒಂದು ಕ್ವಿಂಟಲ್ ತೊಗರಿ ಬೇಳೆಯಾಗಿ ಹೊರಬರುವಷ್ಟರಲ್ಲಿ ಎಷ್ಟು ಖರ್ಚು, ಎಷ್ಟು ಹೊಟ್ಟು, ಎಷ್ಟು ನುಚ್ಚು ಎಂಬ ಲೆಕ್ಕ ನೀವು ಮಿಲ್ಲಿನಲ್ಲಿ ದಿನಾ ಬರೆಯುತ್ತೀರಲ್ಲ, ಆ ಪೇಪರ್ ಕೇಳುವುದು ಅದನ್ನೇ.